ನಾನು ತಿನ್ನದ ಪುಡಿ

ನನ್ನ ಮೊಮ್ಮಗಳು ತನ್ನ ಆಫೀಸಿನ ಎಲ್ಲಕ್ಕಿಂತ ದೊಡ್ಡ ಗಿರಾಕಿಯನ್ನು ಇವತ್ತಿಗೆ ಪೂರ್ತಿಯಾಗಿ ಕಳೆದುಕೊಂಡಳು. ಮಧ್ಯಾಹ್ನ ವಿಜಯಪುರದಿಂದ ಫೋನ್ ಮಾಡಿ, "ಆಯಿ, ಹೋತು. ಕಡೀದೂ ಹೋತು. ಇನ್ನ ಎಲ್ಲಿ ಹುಡುಕಿದ್ರೂ ಆ ಪುಡಿ ಜೋಡಿ ನಿನ್ನ ಮಾರಿ ಸಿಗಂಗಿಲ್ಲ" ಅಂದಳು. ನಾನು ಫೋನ್ ಇಟ್ಟವಳೇ ಅಡುಗೆಮನೆಯ ಸಕ್ಕರೆ ಡಬ್ಬಿ ಎತ್ತಿಕೊಂಡು ಓಣಿಗೆ ಇಳಿದೆ. ಟಿಕೋಟಾದ ನಮ್ಮ ಓಣಿಯಲ್ಲಿ ಆ ಹೊತ್ತಿಗೆ ಕಟ್ಟೆಯ ಮೇಲೆ ಕೂತವರು, ನಳದ ಹತ್ತಿರ ನಿಂತವರು, ಸೈಕಲ್ ಮೇಲೆ ಹೊರಟವರು, ಯಾರನ್ನೂ ಬಿಡದೆ ಅಂಗೈ ಚಾಚಿಸಿ ಸಕ್ಕರೆ ಹಾಕುತ್ತ ಹೋದೆ.

"ಏನ್ರಿ ಆಯಿ, ಮೊಮ್ಮಗಳ ಲಗ್ನ ಗೊತ್ತಾತೇನ್ರಿ?" ಎಂದು ಕಿರಾಣಿ ಅಂಗಡಿಯವನು ಕೇಳಿದ.

"ಇಲ್ಲೋ ಯಪ್ಪಾ. ಗಿರಾಕಿ ಕಳಕೊಂಡಾಳ."

ಅವನು ಅಂಗೈಯ ಸಕ್ಕರೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಗಿರಾಕಿ ಹೋದದ್ದಕ್ಕ ಸಕ್ಕರಿ ಹಂಚೂದಾದ್ರ ನಾ ದಿನಾ ಚೀಲ ಬಿಚ್ಚಬೇಕಾಗ್ತೈತಿ" ಅಂದ.

ಅವನಿಗೆ ಇನ್ನಷ್ಟು ಹಾಕಿದೆ. ನನ್ನ ಎದೆಯೊಳಗೆ ಹಿಡಿಸದಷ್ಟು ಸಂತೋಷವಿತ್ತು. ಆದರೆ ಸಂತೋಷ ಯಾಕೆ ಎಂದು ಹೇಳಬೇಕಾದರೆ ಮೊದಲು ಹೇಸಿಗೆ ಯಾವುದು ಎಂದು ಹೇಳಬೇಕು. ಹೇಸಿಗೆಯೇ ಹೆಚ್ಚು ಇದೆ. ಓದುವವರು ಸ್ವಲ್ಪ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ.

ನಾನು ಮೂರನೆಯ ಇಯತ್ತೆಯವರೆಗೆ ಶಾಲೆಗೆ ಹೋದವಳು. ಮದುವೆಯಾಗಿ ಟಿಕೋಟಾಕ್ಕೆ ಬಂದ ಮೇಲೆ ನನ್ನ ಕೈಗೆ ಸಿಕ್ಕಿದ್ದು ಮಣೂಕ. ಒಣದ್ರಾಕ್ಷಿಗೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ಶೆಡ್ಡಿನ ಬಲೆಯ ಮೇಲೆ ಒಣಗಿದ ದ್ರಾಕ್ಷಿ ಕೆಳಗಿಳಿದ ಮೇಲೆ ಹೆಂಗಸರು ಸಾಲಾಗಿ ಕೂತು ಕಡ್ಡಿ, ಹರಳು, ಕರಕಾದ ಕಾಳು ಎಲ್ಲ ಬೇರೆ ಮಾಡಬೇಕು. ನನ್ನ ಬೆನ್ನು ಬಾಗಿದ್ದು ಆ ಕೆಲಸದಲ್ಲಿ. ನಮ್ಮ ಸಾಲಿನಲ್ಲಿ ಒಂದು ರೂಢಿ ಇತ್ತು. ಚೀಲದ ಬಾಯಿ ಹೊಲಿಯುವ ಮುಂಚೆ, ಯಾರ ರಾಶಿಯೋ ಅವರು ಅದರಿಂದ ಒಂದು ಕಾಳು ತೆಗೆದು ಪಕ್ಕದವಳ ಎದುರಿಗೆ ಬಾಯಿಗೆ ಹಾಕಿಕೊಳ್ಳಬೇಕು. ಮಣೂಕದ ಬಣ್ಣ ಬಂಗಾರದ ಹಾಗೆ ಕಾಣಲಿ ಎಂದು ಗಂಧಕದ ಹೊಗೆ ಕೊಡುತ್ತಾರೆ. ಹೊಗೆ ಹೆಚ್ಚಾದರೆ ಕಣ್ಣಿಗೆ ಚಂದ, ಗಂಟಲಿಗೆ ಕೆರೆತ. ಕಣ್ಣು ಮೋಸ ಹೋಗುತ್ತದೆ, ನಾಲಿಗೆ ಹೋಗುವುದಿಲ್ಲ. ಬಾಯಿಗೆ ಹಾಕಿಕೊಳ್ಳಲು ಯಾರಾದರೂ ಹಿಂದೆಮುಂದೆ ನೋಡಿದರೆ ಆ ಚೀಲವನ್ನು ಯಾರೂ ಹೊಲಿಯುತ್ತಿರಲಿಲ್ಲ. ಮಾಲೀಕ ಬಂದು ಕೂಗಾಡಿದರೂ ಅಷ್ಟೇ.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಬಬಲೇಶ್ವರದ ಹೆಣ್ಣುಮಗಳು. ಅವಳನ್ನು ಎಲ್ಲರೂ ಬೂಬು ಅನ್ನುತ್ತಿದ್ದರು, ನಾನೂ ಅದನ್ನೇ ಅನ್ನುತ್ತೇನೆ. ಟೆಂಪೋದಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದಳು. ನನಗಿಂತ ಸಣ್ಣವಳು, ನನ್ನನ್ನು ಅಕ್ಕಾ ಅನ್ನುತ್ತಾಳೆ. ಅವಳ ರಂಜಾನ್ ಉಪವಾಸದ ತಿಂಗಳಲ್ಲಿ ಅವಳು ಕಾಳು ಬಾಯಿಗೆ ಹಾಕುವ ಹಾಗಿರಲಿಲ್ಲ. ಆಗ ಅವಳ ರಾಶಿಯ ಕಾಳನ್ನೂ ನಾನೇ ಹಾಕಿಕೊಳ್ಳುತ್ತಿದ್ದೆ. ನಾನು ತಲೆಯಾಡಿಸಿದರೆ ಸಾಕು, ಅವಳು ಚೀಲವನ್ನು ತಿರುಗಿ ನೋಡದೆ ಹೊಲಿಯುತ್ತಿದ್ದಳು. ನನ್ನ ನಾಲಿಗೆಯನ್ನು ಅವಳು ತನ್ನದೇ ಎಂದುಕೊಂಡಿದ್ದಳು. ಮುಂದೆ ಆದದ್ದೆಲ್ಲ ಇದರಿಂದಲೇ ಆದದ್ದು.

ಇನ್ನು ಮೊಮ್ಮಗಳ ಕಥೆ. ನನ್ನ ಮಗನಿಗೆ ಇವಳೊಬ್ಬಳೇ. ಕಾಲೇಜು ಮುಗಿಸಿ ವಿಜಯಪುರದಲ್ಲಿ ಫ್ಲೆಕ್ಸ್ ಬೋರ್ಡ್ ಮಾಡುವ ಅಂಗಡಿ ಸೇರಿದಳು. ಹುಟ್ಟುಹಬ್ಬದ ಬೋರ್ಡು, ಸತ್ತವರ ಬೋರ್ಡು, ಗೆದ್ದವರ ಬೋರ್ಡು. ಒಂದು ದಿನ ಮನೆಗೆ ಬಂದು, "ಮಂದಿ ಈಗ ತೆಲಿ ತಗ್ಗಿಸಿ ಮೊಬೈಲ್ ನೋಡ್ಕೋತ ಅಡ್ಡಾಡ್ತಾರ, ಮ್ಯಾಲ ಕಟ್ಟಿದ ಬೋರ್ಡ್ ಯಾರ್ ನೋಡ್ತಾರ? ನಾ ಮೊಬೈಲನ್ಯಾಗ ಜಾಹೀರಾತು ಮಾಡ್ತೀನಿ" ಅಂದಳು. ಗೋಳಗುಮ್ಮಟದ ಹತ್ತಿರ ಬಳೆ ಅಂಗಡಿಯ ಮೇಲೆ ಒಂದು ಖೋಲಿ ಹಿಡಿದಳು. ಮೊದಲ ಗಿರಾಕಿ ಕೆಳಗಿನ ಬಳೆಯವನೇ. ಗುಮ್ಮಟ ನೋಡಲು ಬಂದವರ ಮೊಬೈಲಿನಲ್ಲಿ ಅವನ ಬಳೆ ಕಾಣುವ ಹಾಗೆ ಮಾಡಿದಳಂತೆ. ಗುಮ್ಮಟದಿಂದ ಇಳಿದ ಹೆಂಗಸರು ನೇರವಾಗಿ ಅವನ ಅಂಗಡಿ ಹುಡುಕಿಕೊಂಡು ಬಂದರು. ಆಮೇಲೆ ಟಾಂಗಾದವರು, ಖಾನಾವಳಿಯವರು, ಸೀರೆ ಅಂಗಡಿಯವರು ಮೆಟ್ಟಿಲು ಹತ್ತತೊಡಗಿದರು.

ಒಂದು ಸಲ ನಾನೂ ಹತ್ತಿದೆ. ಟೇಬಲ್ ಮೇಲೆ ಎರಡು ಕಂಪ್ಯೂಟರ್, ಮೂಲೆಯಲ್ಲಿ ನೀರಿನ ಕೊಡ. ಇಷ್ಟರಲ್ಲಿ ಏನು ವ್ಯಾಪಾರ ಎಂದು ನನಗೆ ತಿಳಿಯಲಿಲ್ಲ.

"ಇದು ಎಐ ಅಂತ ಆಯಿ. ಮಷೀನಿಗೆ ಬುದ್ಧಿ ಕಲಿಸಿದ್ದು" ಎಂದು ತೋರಿಸಿದಳು. "ಮಂದಿ ಮೊಬೈಲ್ ನೋಡಮುಂದ ಬೆರಳ ಸರಿಸ್ತಾರಲ್ಲ, ಯಾವುದರ ಮ್ಯಾಲ ಬೆರಳ ನಿಂದರ್ತೈತಿ ಅನ್ನೂದನ್ನ ಇದು ನೋಡಕೋತ ಇರ್ತೈತಿ. ಯಾರಿಗೆ ಏನ್ ಬೇಕು ಅಂತ ಅವರ ಬಾಯಿಲೆ ಬರೂಕಿಂತ ಮೊದ್ಲ ಇದಕ್ಕ ತಿಳೀತೈತಿ. ಅವರವರಿಗೆ ತಕ್ಕಂಗ ತಾನ ಮಾತು ಬರೀತೈತಿ, ತಾನ ಚಿತ್ರಾ ಮಾಡ್ತೈತಿ. ಯಾವುದಕ್ಕ ಮಂದಿ ಮಳ್ಳಾಗ್ತಾರ ಅದನ್ನ ಇಟ್ಕೊಂಡು ಉಳದದ್ದನ್ನ ಒಗೀತೈತಿ."

"ಕಿಟಕ್ಯಾಗ ನಿಂತು ಮಂದಿ ಮನಿಯಾಗ ಇಣಕಿ ನೋಡಿಧಂಗಾತು."

"ಎಲ್ಲಾರೂ ಮಾಡಾಕತ್ತಾರ ಆಯಿ."

"ಎಲ್ಲಾರೂ ಇಣಕಿದ್ರ ಅದು ಕಿಟಕಿ ಅಲ್ಲ ಬಾಗಿಲಾ ಅಂತೇನು?"

ನಕ್ಕಳು. ನನಗೂ ಹೆಮ್ಮೆಯೇ ಇತ್ತು, ಅದನ್ನು ಮುಚ್ಚಿಡಲಾರೆ. ನಮ್ಮ ಮನೆಯ ಹುಡುಗಿ ಖೋಲಿಯ ಬಾಗಿಲಿಗೆ ತನ್ನದೇ ಬೀಗ ಹಾಕುತ್ತಾಳೆ, ತನ್ನ ಕೈಕೆಳಗೆ ಮತ್ತೊಬ್ಬರಿಗೆ ಕೆಲಸ ಕೊಡುತ್ತಾಳೆ ಅನ್ನುವುದು ಸಣ್ಣ ಮಾತಲ್ಲ. ಆದರೆ ಆ ಇಣುಕುವ ವಿಷಯ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಉಳಿದುಕೊಂಡಿತು.

ಆಮೇಲೆ ನಮ್ಮೂರಿನ ಒಬ್ಬ ಮಣೂಕದ ವ್ಯಾಪಾರಿ ಅವಳ ಹತ್ತಿರ ಬಂದ. ಮೊಮ್ಮಗಳು ನನ್ನನ್ನು ಅಂಗಳದಲ್ಲಿ ಕೂರಿಸಿ ಕೈಗೆ ತಾಟು ಕೊಟ್ಟಳು. "ನೀ ಶೆಡ್ಡಿನ್ಯಾಗ ಹೆಂಗ ಮಾಡ್ತಿದ್ದಿ ಹಂಗ ಮಾಡು" ಅಂದಳು. ನಾನು ಕಾಳು ಆರಿಸಿದೆ, ಒಂದನ್ನು ಬಾಯಿಗೆ ಹಾಕಿಕೊಂಡೆ, "ನಾ ಬಾಯಾಗ ಹಾಕಿ ನೋಡೀನಿ, ಆಮ್ಯಾಲ ಚೀಲಕ್ಕ ಹಾಕೀನಿ" ಅಂದೆ. ಖರೆ ಮಾತು. ಮಾಲು ಚೊಲೊ ಇತ್ತು. ಆ ವ್ಯಾಪಾರಿಯ ಮಣೂಕ ಎಲ್ಲೆಲ್ಲಿಯೋ ಹೋಯಿತು. ಬಸ್ ಸ್ಟ್ಯಾಂಡಿನಲ್ಲಿ ಜನ ನನ್ನನ್ನು ನೋಡಿ "ಬಾಯಾಗ ಹಾಕಿ ನೋಡೀನಿ" ಎಂದು ಅಣಕಿಸುತ್ತಿದ್ದರು, ಪ್ರೀತಿಯಿಂದ.

ಅಷ್ಟಕ್ಕೆ ನಿಂತಿದ್ದರೆ ಇದನ್ನು ಬರೆಯುವ ಕೆಲಸ ಇರುತ್ತಿರಲಿಲ್ಲ. ಮಷೀನು ನನ್ನ ಮುಖ, ದನಿ ಎರಡನ್ನೂ ಕಲಿತುಬಿಟ್ಟಿತ್ತು. ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತಿದ್ದರೆ ಮೊಬೈಲಿನಲ್ಲಿ ಮರಾಠಿ ಮಾತಾಡುತ್ತಿದ್ದೆ. ನನಗೆ ಮರಾಠಿ ಬರುವುದು ಸಂತೆಯ ಚೌಕಾಸಿಗೆ ಬೇಕಾದಷ್ಟು. ಅಲ್ಲಿ ನಾನು ಮಾಸ್ತರಿಣಿಯ ಹಾಗೆ ಮಾತಾಡುತ್ತಿದ್ದೆ. ಕುಕ್ಕರ್ ಮಾರಿದೆ, ಹಾಸಿಗೆ ಮಾರಿದೆ. ಸೊಸೆ, "ನಮ್ಮತ್ತಿ ಮನ್ಯಾಗ ಕುಕ್ಕರ್ ಸೀಟಿ ಹೊಡೀತಂದ್ರ ಹೊರಗ ಓಡ್ತಾಳ, ಅಲ್ಲಿ ನೋಡ್ರಿ ಹೆಂಗ ಮಾರಾಕತ್ತಾಳ" ಎಂದು ಓಣಿಗೆಲ್ಲ ಹೇಳಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಒಂದು ದಿನ ದೂರದ ಊರಿನಿಂದ ಒಬ್ಬ ಗಿರಾಕಿ ಕಾರಿನಲ್ಲಿ ಮನೆಗೇ ಬಂದ. ಅತ್ತರಿನ ವಾಸನೆ ಅವನಿಗಿಂತ ಮೊದಲು ಒಳಗೆ ಬಂತು. ಕೈಯಲ್ಲಿ ಪೇಡೆಯ ಡಬ್ಬಿ. ನನ್ನ ಕಾಲಿಗೆ ಬಿದ್ದ, ಎದ್ದ, ಜೊತೆಗೆ ಬಂದವನು ಮೊಬೈಲಿನಲ್ಲಿ ಸರಿಯಾಗಿ ಹಿಡಿದಿಲ್ಲ ಎಂದು ಮತ್ತೊಮ್ಮೆ ಬಿದ್ದ. ಎರಡನೆಯ ಸಲ ಅವನ ಕೈ ನನ್ನ ಪಾದಕ್ಕೆ ತಾಗಿದಾಗ ಹಲ್ಲಿ ಬಿದ್ದ ಹಾಗಾಯಿತು. ಆಮೇಲೆ ಮೊಮ್ಮಗಳ ಹತ್ತಿರ ಕೂತು ಅವನು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಈ ಕಡೆ ಶುಗರ್ ಪೇಶೆಂಟ್ಸ್ ತುಂಬ ಚೆನ್ನಾಗಿದ್ದಾರೆ ಮೇಡಂ. ಮುಂದೆ ಇನ್ನೂ ಬೆಳೆಯುತ್ತೆ."

ಹೊಲದ ಬದುವಿನ ಮೇಲೆ ನಿಂತು ಪೈರು ನೋಡಿದವನ ಮಾತಿನ ಹಾಗಿತ್ತು. ಅವನು ತಂದ ಪೇಡೆಯನ್ನು ನಾನು ಮುಟ್ಟಲಿಲ್ಲ. ಅವನು ಏನು ಮಾರುತ್ತಾನೆ ಎಂದು ಕೇಳಿದ್ದಕ್ಕೆ ಮೊಮ್ಮಗಳು, "ಆಯುರ್ವೇದದ್ದು ಏನೋ ಪುಡಿ ಆಯಿ, ದೊಡ್ಡ ಗಿರಾಕಿ" ಎಂದಳು. ದೊಡ್ಡ ಎನ್ನುವಾಗ ಅವಳ ಕಣ್ಣು ಹೊಳೆಯಿತು.

ಕೆಲವು ದಿನಗಳ ಮೇಲೆ ಬಸ್ಸಿನಲ್ಲಿ ನಮ್ಮೂರಿನ ಒಬ್ಬ ಹೆಂಗಸು ನನ್ನ ಪಕ್ಕ ಕೂತಳು. "ಆಯಿ, ನಿಮ್ಮ ಆ ಸಕ್ಕರಿ ಬ್ಯಾನಿ ಪುಡಿ ಊಟಕ್ಕ ಮೊದ್ಲ ತಗೋಬೇಕೇನ್ರಿ, ಊಟ ಆದ ಮ್ಯಾಲ?"

"ಯಾವ ಪುಡಿ ಬೇ?"

ಅವಳು ಮೊಬೈಲ್ ತೋರಿಸಿದಳು. ನಾನಿದ್ದೆ. ನನಗೆ ಇಲ್ಲದ ಮುಂದಿನ ಹಲ್ಲು ಎಲ್ಲ ಬಂದಿದ್ದವು. ನಾನು ಒಂದು ಚಮಚ ಕಂದು ಪುಡಿಯನ್ನು ಬಾಯಿಗೆ ಹಾಕಿಕೊಂಡು ನಾಲಿಗೆ ಚಪ್ಪರಿಸಿದೆ. "ನನಗೂ ಸಕ್ಕರಿ ಬ್ಯಾನಿ ಇತ್ತು. ಗುಳಿಗಿ ಬಿಟ್ಟೆ. ನಾ ಬಾಯಾಗ ಹಾಕಿ ನೋಡೀನಿ, ಆಮ್ಯಾಲ ಹೇಳಾಕತ್ತೇನಿ" ಅಂದೆ. ನನಗೆ ಸಕ್ಕರೆ ಕಾಯಿಲೆ ಎಂದೂ ಇರಲಿಲ್ಲ. ದನಿ ನನ್ನದೇ. ಮಾತಿನ ಕೊನೆಗೆ ನಾನು ತಲೆಯಾಡಿಸುವ ರೀತಿ, ಶೆಡ್ಡಿನಲ್ಲಿ ಬೂಬುವಿಗೆ ಚೀಲ ಹೊಲಿ ಎಂದು ತಲೆಯಾಡಿಸುತ್ತಿದ್ದ ಆ ರೀತಿಯೂ ನನ್ನದೇ.

ಮನೆಗೆ ಬಂದು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದೆ. ತಿನ್ನದ ಪುಡಿಗೆ ಬಾಯಿ ತೊಳೆದುಕೊಂಡೆ. ಉಪ್ಪು ಹಾಕಿ ಮತ್ತೆ ಮುಕ್ಕಳಿಸಿದೆ. ಹೋಗಲಿಲ್ಲ. ಯಾರೋ ಬೇರೆಯವರ ಬೆರಳನ್ನು ನನ್ನ ಬಾಯೊಳಗೆ ಇಟ್ಟು ನಾಲಿಗೆ ಆಡಿಸಿದ ಹಾಗಿತ್ತು. ನಾನು ಬಹಳ ಹೊಲಸು ನೋಡಿದ್ದೇನೆ. ಇಂಥ ಹೊಲಸು ನೋಡಿರಲಿಲ್ಲ.

ಆ ದಿನ ಮೊಮ್ಮಗಳು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ನಾ ಏನ್ ತಿಂದೀನಿ ಹೇಳು."

"ಏನ್ ಆಯಿ?"

"ಆ ಚಮಚಾದಾಗ ಏನಿತ್ತು? ನಾ ತಿಂದೀನಂತ, ನನಗ ಗೊತ್ತಿರಬೇಕಲ್ಲ."

ಅವಳಿಗೆ ತಿಳಿಯಿತು. ಗೋಡೆಗೆ ಆತುಕೊಂಡಳು. "ಆ ಮಾತ ನಾ ಬರದಿಲ್ಲ ಆಯಿ. ಮಷೀನ ತಾನ ಆರಿಸೇತಿ. ಮಣೂಕದ ಜಾಹೀರಾತಿನ್ಯಾಗ ಅದ ಮಾತಿಗೆ ಮಂದಿ ಬೆರಳ ನಿಂತಿತ್ತು. ಅದಕ್ಕ ಎಲ್ಲಾದಕ್ಕೂ ಅದನ್ನ ಹಚ್ಚತೈತಿ. ಕುಕ್ಕರಿಗೂ ಹಚ್ಚಿತ್ತು, ನಾ ನೋಡಿ ತಗದಿದ್ದೆ. ಇದನ್ನ ನೋಡೂದ್ರಾಗ ಹೊಂಟುಹೋಗಿತ್ತು."

"ಈಗ ನೋಡಿಯಲ್ಲ. ತಗಿ."

ಅವಳು ಆ ಗಿರಾಕಿಗೆ ಫೋನ್ ಮಾಡಿದಳು. ಆ ಮಾತಿನಿಂದಲೇ ಪುಡಿ ಹೋಗುತ್ತಿದೆ, ಬೇಕಾದರೆ ಹಿಂದಿನ ಪರದೆಯ ಬಣ್ಣ ಬದಲಿಸಿ, ಮಾತು ಬದಲಿಸಬೇಡಿ ಅಂದನಂತೆ. ನನ್ನ ಮಗ ಅಲ್ಲೇ ಊಟಕ್ಕೆ ಕೂತಿದ್ದ. "ಅವ್ವಾ, ಆ ಒಂದ ಗಿರಾಕಿ ಮ್ಯಾಲ ಆಫೀಸ್ ನಿಂತೈತಿ. ಅಕಿ ಅಷ್ಟ ಕಷ್ಟಪಟ್ಟು ಕಟ್ಯಾಳ. ಪುಡಿ ತಿಂದು ಯಾರೂ ಸಾಯಂಗಿಲ್ಲ ಬಿಡು" ಅಂದ.

"ಹಂಗಾರ ನಿನ್ನ ಮಾರಿ ಕೊಡು ಅವಂಗ" ಅಂದೆ. ಸೊಸೆ, "ಇವರ ಮಾರಿ ಹಾಕಿದ್ರ ಪುಡಿ ಅಲ್ಲ, ಅಮೃತಾನೂ ಯಾರೂ ಒಯ್ಯಂಗಿಲ್ಲ" ಎಂದಳು. ಮೊಮ್ಮಗಳು ತಾಟಿನಲ್ಲಿ ಬೆರಳಾಡಿಸುತ್ತ, "ನೋಡ್ತೀನಿ ಆಯಿ, ಸ್ವಲ್ಪ ದಿನ ಕೊಡು" ಅಂದಳು. ಹಿಂದೆಮುಂದೆ ನೋಡುತ್ತಿದ್ದಳು. ನನಗೆ ಅದಕ್ಕಿಂತ ಹೆಚ್ಚು ವಾಕರಿಕೆ ಬಂದದ್ದು ಯಾವುದಕ್ಕೂ ಇಲ್ಲ. ಆ ಅತ್ತರಿನವನಿಗೆ ಹೇಸಿದ್ದು ಬೇರೆ, ನಾನು ಎತ್ತಿ ಆಡಿಸಿದ ಹುಡುಗಿಗೆ ಹೇಸುವುದು ಬೇರೆ. ಅವಳ ಜೊತೆ ಮಾತು ಬಿಟ್ಟೆ.

ಅಷ್ಟರಲ್ಲಿ ಬಬಲೇಶ್ವರದಿಂದ ಬೂಬುವಿನ ಸೊಸೆಯ ಫೋನ್ ಬಂತು. "ನಮ್ಮತ್ತಿ ಕಾಲಿಗೆ ಹುಣ್ಣಾಗೇತ್ರಿ, ಮಾಯಾಕ ಒಲ್ಲದು. ಸಕ್ಕರಿ ಗುಳಿಗಿ ಬಿಟ್ಟಾರ. ಕೇಳಿದ್ರ ಟಿಕೋಟಾದ ಅಕ್ಕ ಹೇಳ್ಯಾಳ ಅಂತಾರ. ನೀವು ಹೇಳೀರೇನ್ರಿ?"

ಬೂಬುವಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾದವು. ಅವಳು ಕಾಲು ಉರಿಯುತ್ತದೆ ಎಂದು ಅದಕ್ಕೆ ಮದ್ದು ಹೇಳುವ ವಿಡಿಯೋ ನೋಡುತ್ತಿದ್ದಳಂತೆ. ಅವಳ ಬೆರಳು ಅಲ್ಲಿ ನಿಂತದ್ದನ್ನು ಮಷೀನು ಕಿಟಕಿಯಿಂದ ನೋಡಿತ್ತು. ನೋಡಿ, ನನ್ನನ್ನು ಕಳಿಸಿತ್ತು.

ಮೊಮ್ಮಗಳ ಸ್ಕೂಟಿಯ ಮುಂದೆ ಹೋಗಿ ನಿಂತೆ. "ಬಬಲೇಶ್ವರಕ್ಕ ಒಯ್ಯಿ ನನ್ನ. ಆಫೀಸ್ ಆಮ್ಯಾಲ." ದಾರಿಯುದ್ದಕ್ಕೂ ಎರಡೂ ಕಡೆ ದ್ರಾಕ್ಷಿ ತೋಟ. ಗಾಳಿಯಲ್ಲಿ ಔಷಧಿ ಹೊಡೆದ ವಾಸನೆ.

ಬೂಬು ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಪಾದಕ್ಕೆ ಹಳೆಯ ಬಟ್ಟೆ ಸುತ್ತಿತ್ತು. ಆ ಬಟ್ಟೆ ಬಿಚ್ಚಿದಾಗ ಬಂದ ವಾಸನೆಯನ್ನು ನಾನು ಬರೆಯುವುದಿಲ್ಲ. ಮೊಮ್ಮಗಳು ಸೆರಗಿಲ್ಲದ ಬಟ್ಟೆಯವಳು, ತೋಳಿನಿಂದ ಮೂಗು ಮುಚ್ಚಿಕೊಂಡಳು.

"ಬಾ ಅಕ್ಕಾ" ಎಂದು ಬೂಬು ನಕ್ಕಳು. "ಮೊಬೈಲನ್ಯಾಗ ದಿನಾ ಬರ್ತಿ, ಇವತ್ತ ಖರೇನ ಬಂದಿ."

"ಗುಳಿಗಿ ಯಾಕ ಬಿಟ್ಟಿ ಬೇ ಬೂಬು?"

"ನೀನ ಹೇಳಿದಿ, ಬಿಟ್ಟೆ."

"ನಾ ಹೇಳಿಲ್ಲ. ಅದು ಮಷೀನ ಹೇಳಿದ್ದು. ನಾ ಆ ಪುಡಿ ಮುಟ್ಟಿಲ್ಲ."

"ಹೋಗ ಅಕ್ಕಾ. ನಿನ್ನ ಗೋಣ ಆಡಿಸೂದ ನನಗ ಗೊತ್ತಿಲ್ಲೇನು? ಎಷ್ಟ ಚೀಲ ಹೊಲದೀನಿ ಆ ಗೋಣ ನೋಡಿ." ತಲೆದಿಂಬಿನ ಪಕ್ಕದ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡಳು. "ಸ್ವಲ್ಪ ತಡಾ ಆಕ್ಕೈತಿ, ಆದ್ರ ಮಾಯತೈತಿ ಅಂತ ನೀನ ಹೇಳೀದಿ. ನಾಕ ದಿನದ ಹಿಂದ ಹೇಳಿದಿ."

ಏನು ಹೇಳಿದರೂ ಅವಳು ಕೇಳಲಿಲ್ಲ. ನಾನು ಎದುರಿಗೆ ಕೂತು ಸುಳ್ಳು ಅನ್ನುತ್ತಿದ್ದೇನೆ, ಅವಳು ಮೊಬೈಲಿನವಳನ್ನು ನಂಬುತ್ತಿದ್ದಾಳೆ. ಮೊಬೈಲಿನವಳಿಗೆ ಹಲ್ಲಿವೆ, ಕೆಮ್ಮಿಲ್ಲ, ಮಾತು ತಡವರಿಸುವುದಿಲ್ಲ. "ನಿನಗ ಯಾರರ ಹೆದರಿಕಿ ಹಾಕ್ಯಾರೇನು ಅಕ್ಕಾ?" ಎಂದು ನನ್ನನ್ನೇ ಕೇಳಿದಳು. ನನ್ನ ಮುಖದ ಎದುರಿಗೆ ನಾನೇ ಸೋತೆ.

ಆಗ ಸಿಟ್ಟು ಬಂತು. ಅವಳ ಕೈಯಿಂದ ಡಬ್ಬಿ ಕಸಿದುಕೊಂಡು ಚಮಚ ತುಂಬಿಸಿದೆ. "ಆತು ಬಿಡು. ನನ್ನ ಬಾಯಿ ತಿಂದೀನಂತ ಹೇಳೇತಿ, ತಿನ್ನಲಿ. ಇಬ್ಬರೂ ತಿಂದು ಇಬ್ಬರೂ ಮಂಚದ ಮ್ಯಾಲ ಬೀಳೂಣು." ಬಾಯಿ ತೆರೆದೆ.

ಮೊಮ್ಮಗಳು ನನ್ನ ಮಣಿಕಟ್ಟು ಹಿಡಿದಳು. ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಚಮಚ ಹಾರಿ ಪುಡಿಯೆಲ್ಲ ಹಾಸಿಗೆಯ ಮೇಲೆ ಚೆಲ್ಲಿತು.

"ಬ್ಯಾಡ ಆಯಿ. ತಿನ್ನಬ್ಯಾಡ. ಇದರಾಗ ಏನ್ ಹಾಕ್ಯಾರ ನನಗ ಗೊತ್ತಿಲ್ಲ."

ಮೊಮ್ಮಗಳ ಕೈ ಇನ್ನೂ ನನ್ನ ಮಣಿಕಟ್ಟಿನ ಮೇಲೆ ಇತ್ತು. ತಾನು ಏನು ಅಂದೆ ಎಂದು ಅವಳಿಗೆ ಆಮೇಲೆ ಕೇಳಿಸಿರಬೇಕು. ಬೂಬು ಚೆಲ್ಲಿದ ಪುಡಿಯನ್ನು ನೋಡಿದಳು, ನನ್ನ ತೆರೆದ ಬಾಯಿಯನ್ನು ನೋಡಿದಳು, ಆಮೇಲೆ ಹುಡುಗಿಯನ್ನು.

"ಬೇಟಿ, ಆ ವಿಡಿಯೋ ಮಾಡಿದಾಕಿ ನೀನ ಅಲ್ಲೇನು?"

"ಹೌದ್ರಿ."

"ನಿಮ್ಮ ಆಯಿ ಬಾಯಿಗೆ ಆಗಲಾರದ್ದು ನನ್ನ ಬಾಯಿಗೆ ಹೆಂಗ ಆತು?"

ಸಿಟ್ಟಿನಿಂದ ಕೇಳಲಿಲ್ಲ. ತಿಳಿಯದೆ ಕೇಳಿದ ಹಾಗೆ ಕೇಳಿದಳು. ಮೊಮ್ಮಗಳು ಕೆಳಗೆ ಕೂತುಬಿಟ್ಟಳು, ಮಂಚದ ಪಾದದ ಕಡೆ, ಆ ಕಾಲಿನ ಹತ್ತಿರ. ಈಗ ಮೂಗು ಮುಚ್ಚಿಕೊಳ್ಳಲಿಲ್ಲ. ಬೂಬು ಡಬ್ಬಿಯ ಮುಚ್ಚಳವನ್ನು ನನ್ನ ಕಡೆ ನೂಕಿದಳು. "ಅಕ್ಕಾ, ಈ ಚೀಲ ಹೊಲಿಯೂದು ಬ್ಯಾಡ" ಅಂದಳು.

ಅಲ್ಲಿಂದಲೇ ಕಾರು ಬಾಡಿಗೆ ಮಾಡಿ ಬೂಬುವನ್ನು ವಿಜಯಪುರದ ದವಾಖಾನೆಗೆ ಕರೆದೊಯ್ದದ್ದು ಮೊಮ್ಮಗಳೇ. ಡಾಕ್ಟರು ಬೈದರು. ಇನ್ನು ಸ್ವಲ್ಪ ತಡ ಮಾಡಿದ್ದರೆ ಕಾಲು ತೆಗೆಯಬೇಕಾಗುತ್ತಿತ್ತು ಅಂದರು. ಯಾರ ಮಾತು ಕೇಳಿ ಗುಳಿಗೆ ಬಿಟ್ಟಿರಿ ಎಂದು ಕೇಳಿದಾಗ ಬೂಬು ನನ್ನ ಹೆಸರನ್ನೂ ಹೇಳಲಿಲ್ಲ, ಹುಡುಗಿಯ ಹೆಸರನ್ನೂ ಹೇಳಲಿಲ್ಲ. "ಮೊಬೈಲನ್ಯಾಗ ಯಾವಾಕಿನೋ ಮುದುಕಿ ರೀ" ಅಂದಳು.

ಮೊಮ್ಮಗಳು ಆ ಗಿರಾಕಿಯ ಕೆಲಸ ಬಿಟ್ಟಳು. ಬಿಟ್ಟ ಕೂಡಲೇ ಎಲ್ಲ ಮುಗಿಯಿತು ಎಂದು ನಾನು ತಿಳಿದಿದ್ದೆ. ಹೊಲಸು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ನನ್ನ ಮುಖ, ದನಿ ಎರಡೂ ಆಗಲೇ ಅವನ ಕೈಸೇರಿದ್ದವು, ಅವಳು ಒಂದು ಕಡೆ ತೆಗೆಸಿದರೆ ಅವನು ಮತ್ತೊಂದು ಕಡೆ ಹಾಕುತ್ತಿದ್ದ. ಅದೇ ಪುಡಿಗೆ ಹೊಸ ಹೆಸರು, ನನಗೆ ಹೊಸ ಸೀರೆ. ಒಮ್ಮೆ ನನಗೆ ಕನ್ನಡಕ ಹಾಕಿಸಿದ್ದ. ಒಮ್ಮೆ ಕೂದಲಿಗೆ ಕಪ್ಪು ಬಣ್ಣ ಕೊಟ್ಟಿದ್ದ. ಒಂದರಲ್ಲಿ ನಾನು ಅಳುತ್ತಿದ್ದೆ, ಗಂಡನ ಕಾಲು ಉಳಿಯಿತು ಎಂದು. ಅವಳು ಬೆಳಿಗ್ಗೆ ಎದ್ದು ಅವನ್ನು ಹುಡುಕುತ್ತಿದ್ದಳು, ಜಾಹೀರಾತು ತೋರಿಸುವ ದೊಡ್ಡ ಕಂಪನಿಗಳಿಗೆ ದೂರು ಬರೆಯುತ್ತಿದ್ದಳು, ಅವರು ಉತ್ತರ ಕೊಡದಿದ್ದರೆ ಮತ್ತೆ ಬರೆಯುತ್ತಿದ್ದಳು. ಯಾರ ಬೆರಳು ಎಲ್ಲಿ ನಿಲ್ಲುತ್ತದೆ ಎಂದು ನೋಡಲು ಕಲಿಸಿದ್ದ ಆ ಮಷೀನನ್ನೇ ನನ್ನ ಮುಖ ಎಲ್ಲೆಲ್ಲಿ ಇದೆ ಎಂದು ಹುಡುಕಲು ಹಚ್ಚಿದಳು. ಸಿಕ್ಕಿದ್ದನ್ನೆಲ್ಲ ನನಗೆ ತೋರಿಸಬೇಕು ಎಂದು ನಾನೇ ಹಟ ಹಿಡಿದೆ. ಪ್ರತಿಯೊಂದನ್ನೂ ನೋಡಿದೆ. ಈ ಕಂಪನಿಗಳವರಿಗೆ ತಾಯಿ ಇಲ್ಲವೇ ಎಂದು ಕೇಳಿದರೆ, "ಇದ್ದಾರ ಆಯಿ, ಅವರಿಗೂ ಇವ ಜಾಹೀರಾತು ಹೋಗ್ತಾವ" ಅಂದಳು.

ಆಫೀಸು ಮುಚ್ಚಲಿಲ್ಲ. ಆದರೆ ಈಗ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಾಳೆ, ಸಾಮಾನು ಮೊದಲು ನನಗೆ ತಂದು ಕೊಡಿ, ತಿಂದು, ಹಾಕಿಕೊಂಡು, ಬಳಸಿ ನೋಡಿದ ಮೇಲೆ ಜಾಹೀರಾತು ಎಂದು. ನಕ್ಕು ಮೆಟ್ಟಿಲು ಇಳಿದವರಿದ್ದಾರೆ. ಉಳಿದವರೂ ಇದ್ದಾರೆ. ಔಷಧಿಯವರಿಗೆ ಬಾಗಿಲೇ ಇಲ್ಲ. ನನ್ನ ಮುಖ ಬೇಕಾದರೆ ನಾನೇ ಎದುರಿಗೆ ಕೂರಬೇಕು, ನಾನೇ ಮಾತಾಡಬೇಕು, ಹಲ್ಲಿಲ್ಲದ ಬಾಯಿಯಿಂದಲೇ. ಇಣುಕುವುದನ್ನು ಮಾತ್ರ ಅವಳು ಪೂರ್ತಿ ಬಿಟ್ಟಿಲ್ಲ, ಅದಿಲ್ಲದೆ ಈ ಧಂದೆ ನಡೆಯುವುದಿಲ್ಲವಂತೆ. ಅದು ನನಗೆ ಈಗಲೂ ಸೇರುವುದಿಲ್ಲ, ದಿನಾ ಹೇಳುತ್ತೇನೆ.

ಇವತ್ತು ಮಧ್ಯಾಹ್ನ ನನ್ನ ಮುಖವಿದ್ದ ಕೊನೆಯ ಜಾಹೀರಾತೂ ಹೋಯಿತು. ಆ ಅತ್ತರಿನವನು ಫೋನ್ ಮಾಡಿ, ನಿಮ್ಮ ಅಜ್ಜಿ ಇಲ್ಲದಿದ್ದರೆ ಬೇರೆ ಅಜ್ಜಿ ಸಿಗುತ್ತಾಳೆ ಅಂದನಂತೆ. ಸಿಗುತ್ತಾಳೋ ಏನೋ. ಆ ಮಾತಿಗೆ ನನ್ನ ಸಂತೋಷ ಒಂದು ಗಳಿಗೆ ಮಂಕಾಯಿತು. ಆಮೇಲೆ ಮತ್ತೆ ಉಕ್ಕಿತು, ತಡೆಯಲಾಗಲಿಲ್ಲ.

ಸಂಜೆ ಬೂಬುವನ್ನು ಅವಳ ಮಗ ಬೈಕಿನ ಮೇಲೆ ಕರೆತಂದು ಬಿಟ್ಟ. ಪಾದಕ್ಕೆ ಬಿಳಿ ಪಟ್ಟಿ, ಹುಣ್ಣು ಮಾಯುತ್ತ ಬಂದಿದೆ. ಕೋಲು ಊರಿಕೊಂಡು ತಾನೇ ಹೊಸ್ತಿಲು ದಾಟಿದಳು. ಪಡಸಾಲೆಯಲ್ಲಿ ಎಲ್ಲರೂ ಸುತ್ತ ಕೂತೆವು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು, ಸೊಸೆ ಮಾಡಿದ ಹೋಳಿಗೆ. ಕನಮಡಿಯ ಒಬ್ಬ ಹೆಣ್ಣುಮಗಳು ಜಾಹೀರಾತಿಗೆ ಎಂದು ಕೊಟ್ಟುಹೋದ ಶೇಂಗಾ ಚಟ್ನಿಯ ಪೊಟ್ಟಣವನ್ನು ಮೊಮ್ಮಗಳು ಬಿಚ್ಚಿ, ಎಲ್ಲರ ಎದುರಿಗೆ ಮೊದಲು ತಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂತು.

"ಹೆಂಗೈತಿ?" ಎಂದು ಮಗ ಕೇಳಿದ.

ಅವಳು ನೀರಿನ ಚರಿಗೆಗೆ ಕೈ ಚಾಚುತ್ತ ತಲೆಯಾಡಿಸಿದಳು. "ಚೊಲೊ ಐತಿ. ಆದ್ರ ಖಾರ ಐತಿ ಅಂತ ಮೊದ್ಲ ಹೇಳಬೇಕು."

"ನಿಮ್ಮವ್ವನ ಮಾತಿನಷ್ಟ ಇಲ್ಲ ಬಿಡು" ಅಂದ ಮಗ. ಸೊಸೆ ಅವನ ತಾಟಿಗೆ ಅದೇ ಚಟ್ನಿಯನ್ನು ಧಾರಾಳವಾಗಿ ಬಡಿಸಿದಳು.

ಬೂಬು ಸೆರಗಿನ ಗಂಟಿನಿಂದ ಗುಳಿಗೆ ತೆಗೆದು ಅಂಗೈಯಲ್ಲಿ ಇಟ್ಟು ನನಗೆ ತೋರಿಸಿದಳು, ಬಾಯಿಗೆ ಹಾಕಿಕೊಂಡಳು, ನುಂಗಿ, ಬಾಯಿ ತೆರೆದೂ ತೋರಿಸಿದಳು. ನಾನು ತಲೆಯಾಡಿಸಿದೆ. ಅವಳು ಹೋಳಿಗೆಯ ತಾಟಿನ ಕಡೆ ಕೈ ಒಯ್ದಳು. ನಾನು ತಾಟನ್ನು ಈ ಕಡೆ ಎಳೆದುಕೊಂಡೆ.

"ಮೊಬೈಲನ್ಯಾಗಿನ ಅಕ್ಕ ಆಗಿದ್ರ ಕೊಡತಿದ್ದಳು" ಅಂದಳು ಬೂಬು.

"ಅಕಿ ಸತ್ತಾಳ" ಅಂದೆ. "ರೊಟ್ಟಿ ತಿನ್ನು."

ಅವಳು ರೊಟ್ಟಿ ಮುರಿದಳು. ನಾನೂ 'ಹಾಂ, ಬಡಿಸ್ರಿ' ಅಂದು ತಾಟು ಮುಂದಕ್ಕೆ ಇಟ್ಟುಕೊಂಡೆ. ಎಷ್ಟೋ ದಿನಗಳ ಮೇಲೆ ಬಾಯಿಗೆ ಬಾಯಿಯದೇ ರುಚಿ ಬಂದಿತ್ತು. ಮೊಮ್ಮಗಳು ನನ್ನ ಪಕ್ಕಕ್ಕೇ ಸರಿದು ಕೂತು, ನನಗೆ ಅಗಿಯಲು ಆಗಲಿ ಎಂದು ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ಕೊಡುತ್ತಿದ್ದಳು, ಎಲ್ಲರೂ ಉಣ್ಣುತ್ತಿದ್ದೆವು.